ಗಣಿತದ ಪೀರಿಯಡ್‌ನಲ್ಲಿ ಮಕ್ಕಳ ಬಾಯಿ ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ 8 ಮತ್ತು 9ನೇ ತರಗತಿಗೆ ಗಣಿತ ಹೇಳಿಕೊಡುವ ಶಿಕ್ಷಕಿ. ಒಂದೊಂದು ತರಗತಿಯಲ್ಲಿ 45 ಮಕ್ಕಳು. ಬೋರ್ಡಿನ ಮೇಲೆ ಲೆಕ್ಕ ಮಾಡಿದರೆ ಚೆನ್ನಾಗಿ ಬರೆದುಕೊಳ್ಳುತ್ತಾರೆ. ಪ್ರಶ್ನೆ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ವಾರಕ್ಕೆ ಎರಡು ಸಂಜೆ ಆನ್‌ಲೈನ್ ಕ್ಲಾಸೂ ಇದೆ. ಅಲ್ಲಂತೂ ಕ್ಯಾಮೆರಾ ಆಫ್, ಮೈಕ್ ಆಫ್. ಚಾರ್ಟು, ಮಾಡೆಲ್, ಪಿಪಿಟಿ ಎಲ್ಲ ಮಾಡಿ ನೋಡಿದೆ. ಖರ್ಚಿಲ್ಲದೆ, ಪೋರ್ಷನ್ ಹಿಂದೆ ಬೀಳದೆ, ಎರಡೂ ಕಡೆ ನಡೆಯುವ ಹೊಸ ಐಡಿಯಾ ಇದ್ದರೆ ಹೇಳಿ.

ಉತ್ತರ: ಮೇಡಂ, ಹೊಸ ಐಡಿಯಾ ಅಂದ ಕೂಡಲೇ ನಮ್ಮ ಕೈ ಥರ್ಮಾಕೋಲ್ ಕಡೆ ಹೋಗುತ್ತದೆ. ಮಾಡೆಲ್ ಮಾಡುವವರು ನಾವು, ಅದರ ಬಗ್ಗೆ ಯೋಚಿಸುವವರೂ ನಾವೇ. ಮಕ್ಕಳಿಗೆ ಉಳಿಯುವುದು ನೋಡುವ ಕೆಲಸ ಮಾತ್ರ. ಪಿಪಿಟಿಯದ್ದೂ ಅದೇ ಕತೆ. ಹಾಗಾಗಿ ಸಾಮಾನು ಬದಲಾಯಿಸುವ ಮುಂಚೆ ಪ್ರಶ್ನೆ ಬದಲಾಯಿಸಿ ನೋಡಿ ಅನ್ನುತ್ತೇನೆ. ನಿಮ್ಮ ಪಠ್ಯಪುಸ್ತಕದ ಲೆಕ್ಕಗಳೇ ಸಾಕು, ಅವನ್ನು ತಿರುಗಿಸಿ ಕೇಳಬೇಕು ಅಷ್ಟೆ.

ಉದಾಹರಣೆಗೆ, ‘ಉದ್ದ 8 ಸೆಂ.ಮೀ., ಅಗಲ 5 ಸೆಂ.ಮೀ. ಇರುವ ಆಯತದ ಸುತ್ತಳತೆ ಎಷ್ಟು?’ ಇದಕ್ಕೆ ಒಂದೇ ಉತ್ತರ, 26. ಗೊತ್ತಿರುವ ಮಗು ಹೇಳುತ್ತೆ, ಉಳಿದ 44 ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಈಗ ಇದನ್ನೇ ತಿರುಗಿಸಿ: ‘ಸುತ್ತಳತೆ 26 ಸೆಂ.ಮೀ. ಇರುವ ಆಯತಗಳು ಯಾವ್ಯಾವುವು?’ ಒಬ್ಬರು 8 ಮತ್ತು 5 ಅನ್ನುತ್ತಾರೆ, ಇನ್ನೊಬ್ಬರು 10 ಮತ್ತು 3. ಪೂರ್ಣ ಸಂಖ್ಯೆಗಳಲ್ಲಿ ಒಟ್ಟು ಆರು ಸಿಗುತ್ತವೆ. ಅವುಗಳ ವಿಸ್ತೀರ್ಣ ಬರೆಸಿ: 12, 22, 30, 36, 40, 42. ಸುತ್ತಳತೆ ಒಂದೇ, ವಿಸ್ತೀರ್ಣ ಮಾತ್ರ ಏರುತ್ತಾ ಹೋಗುತ್ತದೆ. 42ಕ್ಕಿಂತ ಜಾಸ್ತಿ ಆಗಲ್ವಾ ಅಂತ ಕೇಳಿ ಸುಮ್ಮನೆ ನಿಂತುಬಿಡಿ. ದಶಮಾಂಶ ಹಾಕಬಹುದಾ ಮೇಡಂ ಅಂತ ಯಾರಾದರೂ ಕೇಳಿದರೆ ಆ ಪೀರಿಯಡ್ ಗೆದ್ದಿರಿ. 6.5 × 6.5 ಅಂದರೆ 42.25. ಸುತ್ತಳತೆ, ವಿಸ್ತೀರ್ಣ, ದಶಮಾಂಶದ ಗುಣಾಕಾರ ಒಂದೇ ಲೆಕ್ಕದಲ್ಲಿ ಬಂದವು. ಪೋರ್ಷನ್ ಹಿಂದೆ ಬೀಳಲಿಲ್ಲ, ಅಲ್ವಾ?

ಇಂಥ ಲೆಕ್ಕಕ್ಕೆ ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ. ಮೂವರ ಗುಂಪು ಮಾಡಿ, ಒಂದು ಗುಂಪಿಗೆ ಒಂದೇ ಸೀಮೆಸುಣ್ಣ ಕೊಡಿ. ಜಗಲಿಯ ನೆಲ, ಕಪ್ಪು ಬಳಿದ ಗೋಡೆ, ಕಿಟಕಿಯ ಕೆಳಗಿನ ಸಿಮೆಂಟ್ ಪಟ್ಟಿ, ಎಲ್ಲಿ ಬರೆದು ಒರೆಸಬಹುದೋ ಅಲ್ಲೆಲ್ಲ ಬರೆಯಲಿ. ಮಕ್ಕಳು ನೋಟ್‌ಬುಕ್ಕಿನಲ್ಲಿ ತಪ್ಪು ಬರೆಯಲು ಹೆದರುತ್ತಾರೆ. ಒರೆಸಿಬಿಡಬಹುದಾದ ಕಡೆ ಧೈರ್ಯವಾಗಿ ಬರೆಯುತ್ತಾರೆ. ಸೀಮೆಸುಣ್ಣ ಒಂದೇ ಇರುವುದರಿಂದ ಉಳಿದಿಬ್ಬರು ಬಾಯಿ ಬಿಟ್ಟು ಹೇಳಲೇಬೇಕು. ಬರೆಯುವವರು ತಮ್ಮ ಐಡಿಯಾ ಬರೆಯಬಾರದು, ಬೇರೆಯವರು ಹೇಳಿದ್ದನ್ನೇ ಬರೆಯಬೇಕು ಅನ್ನುವ ಒಂದು ನಿಯಮ ಇಟ್ಟುಬಿಡಿ. ಗುಂಪು ಮಾಡುವುದನ್ನೂ ಲೆಕ್ಕ ಮಾಡಿಬಿಡಬಹುದು: ರೋಲ್ ನಂಬರನ್ನು 15ರಿಂದ ಭಾಗಿಸಿ, ಶೇಷ ಒಂದೇ ಬಂದವರು ಒಂದು ಗುಂಪು. 45 ಮಕ್ಕಳಿಗೆ ಸರಿಯಾಗಿ 15 ಗುಂಪು. ಮರುದಿನ ಚೀಟಿ ಎತ್ತಿಸಿ. ಜಾಣರದೊಂದು ಗುಂಪು, ದಡ್ಡರದೊಂದು ಗುಂಪು ಅಂತ ನೀವೇ ವಿಂಗಡಿಸಿದರೆ ಮಕ್ಕಳಿಗೆ ಅದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಯಾವ ಚಟುವಟಿಕೆ ತಂದರೂ ನಡೆಯೋದಿಲ್ಲ.

ನನಗೆ ತುಂಬ ಇಷ್ಟದ ಲೆಕ್ಕ ಇರುವುದು ರಂಗೋಲಿಯಲ್ಲಿ. ಸಮಮಿತಿ ಪಾಠಕ್ಕೆ ರಂಗೋಲಿ ಬಿಡಿಸಿ ತನ್ನಿ ಅನ್ನುವುದು ಎಲ್ಲರೂ ಮಾಡುತ್ತಾರೆ, ಅದು ಚಿತ್ರಕಲೆಯ ಪೀರಿಯಡ್ ಆಗಿಬಿಡುತ್ತದೆ. ಗಣಿತ ಇರುವುದು ಚುಕ್ಕಿಯಲ್ಲಿ. 7ರಿಂದ 4ಕ್ಕೆ ಸಂದು ಚುಕ್ಕಿ ಇಡುವುದು ಹೇಗೆ ಅಂತ ನಿಮ್ಮ ತರಗತಿಯ ಅರ್ಧ ಮಕ್ಕಳಿಗಾದರೂ ಗೊತ್ತಿರುತ್ತದೆ. ನಡುವಿನ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ 6, ಆಮೇಲೆ 5, ಕೊನೆಗೆ 4. ಒಂದೊಂದೇ ಎಣಿಸದೆ ಒಟ್ಟು ಎಷ್ಟು ಚುಕ್ಕಿ ಹೇಳಿ ಅಂತ ಕೇಳಿ. ಉತ್ತರ 37. ಅದು ಮುಖ್ಯ ಅಲ್ಲ, ಹೇಗೆ ಎಣಿಸಿದಿರಿ ಅನ್ನುವುದರಲ್ಲೇ ಮಜಾ ಇದೆ.

ಒಂದು ಗುಂಪು 4, 5, 6 ಕೂಡಿ 15 ಮಾಡಿ, ಅದನ್ನು ಎರಡು ಪಟ್ಟು ಮಾಡಿ 7 ಸೇರಿಸುತ್ತದೆ. ಇನ್ನೊಂದು ಗುಂಪಿಗೆ ನಡುವಿನ ಚುಕ್ಕಿಯ ಸುತ್ತ ಉಂಗುರಗಳು ಕಾಣುತ್ತವೆ: 1, ಅದರ ಸುತ್ತ 6, ಆಮೇಲೆ 12, ಆಮೇಲೆ 18. ಮತ್ತೊಂದು ಗುಂಪು ನಡುವಿನ ಚುಕ್ಕಿ ಬಿಟ್ಟು ಉಳಿದದ್ದನ್ನು ಆರು ತ್ರಿಕೋನ ಮಾಡುತ್ತದೆ. ಒಂದೊಂದು ತ್ರಿಕೋನದಲ್ಲಿ 1 + 2 + 3, ಅಂದರೆ 6 ಚುಕ್ಕಿ. ಆರು ಆರಲಿ ಮೂವತ್ತಾರು, ಮತ್ತೊಂದು ಮೂವತ್ತೇಳು. ಮೂರನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಸಿ. ಆಮೇಲೆ ಹಬ್ಬದಲ್ಲಿ ಬಿಡಿಸುವ ದೊಡ್ಡ ರಂಗೋಲಿ, 15ರಿಂದ 8ಕ್ಕೆ ಸಂದು ಚುಕ್ಕಿ, ಅದರಲ್ಲಿ ಎಷ್ಟು ಅಂತ ಕೇಳಿ. ಈಗ ಎಣಿಸಲು ಬೇಜಾರು ಬರುತ್ತದೆ, ಸೂತ್ರ ಬೇಕು ಅಂತ ಮಕ್ಕಳಿಗೇ ಅನ್ನಿಸುತ್ತದೆ. ಅಂಚಿನ ಸಾಲಿನಲ್ಲಿ n ಚುಕ್ಕಿ ಇದ್ದರೆ ಒಟ್ಟು 3n² − 3n + 1. ಇಲ್ಲಿ n = 8, ಉತ್ತರ 169. ಬೀಜಗಣಿತದಲ್ಲಿ ಅಕ್ಷರ ಯಾಕೆ ಬರುತ್ತದೆ ಅನ್ನುವುದನ್ನು ನಾವು ಬಾಯಲ್ಲಿ ಎಷ್ಟು ವಿವರಿಸಿದರೂ ಇಷ್ಟು ಚೆನ್ನಾಗಿ ಆಗುವುದಿಲ್ಲ.

9ನೇ ತರಗತಿಯವರಿಗೆ ಇನ್ನೂ ಒಂದು ಹೆಜ್ಜೆ ಇದೆ. ಚಿಕ್ಕ ರಂಗೋಲಿಯಿಂದ ಶುರು ಮಾಡಿ ಚುಕ್ಕಿಗಳನ್ನು ಬರೆದರೆ 1, 7, 19, 37 ಬರುತ್ತದೆ. ಇವನ್ನು ಕೂಡುತ್ತಾ ಹೋಗಲಿ: 1, 8, 27, 64. ಎಲ್ಲವೂ ಘನ ಸಂಖ್ಯೆಗಳು! ಅಂದರೆ 37 ಎಂಬುದು 64ರಲ್ಲಿ 27 ಕಳೆದದ್ದು, 169 ಎಂಬುದು 512ರಲ್ಲಿ 343 ಕಳೆದದ್ದು. ಯಾಕೆ ಹೀಗೆ ಅನ್ನುವುದಕ್ಕೆ (n − 1)³ ಬಿಡಿಸಿ ಬರೆದರೆ ಸಾಕು. ಸುಮ್ನೆ ಬಾಯಿಪಾಠ ಮಾಡುವ ನಿತ್ಯಸಮೀಕರಣಕ್ಕೆ ಒಂದು ಕೆಲಸ ಸಿಕ್ಕಿತು. ಸಮಯ ಉಳಿದರೆ ನೇರ ಚುಕ್ಕಿಯನ್ನೂ ನೋಡಿ. 1, 3, 5, 7, 5, 3, 1 ಇಟ್ಟರೆ 25. ತಲೆ ಸ್ವಲ್ಪ ಓರೆ ಮಾಡಿ ನೋಡಿದರೆ ಅದರೊಳಗೆ 16 ಚುಕ್ಕಿಯ ಒಂದು ಚೌಕ, 9 ಚುಕ್ಕಿಯ ಇನ್ನೊಂದು ಚೌಕ ಒಂದರೊಳಗೊಂದು ಸೇರಿಕೊಂಡಿವೆ. ಈ ಪಾಠದ ದಿನ ಎಂದೂ ಕೈ ಎತ್ತದ ಹುಡುಗಿಯರು ಮುಂದೆ ಬರುವುದನ್ನು ಎಷ್ಟೋ ತರಗತಿಗಳಲ್ಲಿ ನೋಡಿದ್ದೇನೆ. ಹುಡುಗರು ಅವರನ್ನೇ ಕೇಳಿ ಕಲಿಯಬೇಕಾಗುತ್ತದೆ.

ನೀವು ಮಂಡ್ಯದವರಾದ್ದರಿಂದ ಇನ್ನೊಂದು ಗಣಿ ನಿಮ್ಮ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಕೆಆರ್‌ಎಸ್ ಎಷ್ಟು ಅಡಿ ಆಯಿತು ಅಂತ ಕೇಳದ ಮನೆ ನಿಮ್ಮ ಕಡೆ ಇಲ್ಲ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ಎರಡು ವಾರ ಕತ್ತರಿಸಿ ಗೋಡೆಗೆ ಅಂಟಿಸಿ. ಗರಿಷ್ಠ ಮಟ್ಟ 124.80 ಅಡಿ. ನಿನ್ನೆಗಿಂತ ಇವತ್ತು ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಧನ, ಋಣ ಚಿಹ್ನೆ ಹಾಕಿ ಬರೆಯಲಿ. ನಕ್ಷೆ ಎಳೆಯಲಿ. ಋಣ ಸಂಖ್ಯೆ ಕೂಡುವುದು ಅಲ್ಲಿಗೆ ತಾನಾಗಿ ಬರುತ್ತದೆ.

ಆಮೇಲೆ ಘಾತಾಂಕದ ಪಾಠಕ್ಕೆ ಟಿಎಂಸಿ ತನ್ನಿ. ಟಿಎಂಸಿ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಅಂತ ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಸಾವಿರ ಮಿಲಿಯನ್ ಘನ ಅಡಿ, ಅಂದರೆ 10⁹, ನಮ್ಮ ಲೆಕ್ಕದಲ್ಲಿ ನೂರು ಕೋಟಿ ಘನ ಅಡಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಪ್ರಶ್ನೆ ಹೀಗಿರಲಿ: ಒಳಹರಿವು 20,000 ಕ್ಯೂಸೆಕ್, ಹೊರಹರಿವು 8,400 ಕ್ಯೂಸೆಕ್. ಒಂದು ದಿನ ಪೂರ್ತಿ ಹೀಗೇ ಹರಿದರೆ ಕಟ್ಟೆಗೆ ಎಷ್ಟು ನೀರು ಸೇರುತ್ತೆ? ಮೊದಲು ಅಂದಾಜು ಬರೆಸಿ. ಆಮೇಲೆ ಲೆಕ್ಕ: ದಿನಕ್ಕೆ 86,400 ಸೆಕೆಂಡು. 11,600 × 86,400 ಅಂದರೆ ನೂರು ಕೋಟಿ ಇಪ್ಪತ್ತೆರಡು ಲಕ್ಷ ನಲವತ್ತು ಸಾವಿರ. ಹತ್ತಿರ ಹತ್ತಿರ ಒಂದೇ ಒಂದು ಟಿಎಂಸಿ! ಕಟ್ಟೆಯ ಸಾಮರ್ಥ್ಯ ಸುಮಾರು 49.45 ಟಿಎಂಸಿ ಅಂತ ಹೇಳಿ, ಖಾಲಿ ಕಟ್ಟೆ ಇದೇ ವೇಗದಲ್ಲಿ ತುಂಬಲು ಎಷ್ಟು ದಿನ ಬೇಕು ಅಂತ ಕೇಳಿ. ಯಾರಾದರೂ ಪತ್ರಿಕೆಯ ಅಂಕಿಗೂ ತಮ್ಮ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದಲ್ಲ ಅಂದರೆ ಅದನ್ನು ತಳ್ಳಿಹಾಕಬೇಡಿ. ನೀರು ಆವಿಯಾಗುತ್ತದೆ, ಹರಿವು ದಿನವಿಡೀ ಒಂದೇ ಸಮ ಇರುವುದಿಲ್ಲ. ಆ ಚರ್ಚೆ ವಿಜ್ಞಾನ ಮೇಷ್ಟ್ರ ಪೀರಿಯಡ್‌ಗೂ ಮುಂದುವರಿಯಲಿ.

ವಿಸ್ತೀರ್ಣಕ್ಕೆ ಚಿಕ್ಕದೊಂದು: ಒಂದು ಗುಂಟೆ ದೊಡ್ಡದೋ, ಮೂವತ್ತು ನಲವತ್ತು ಸೈಟು ದೊಡ್ಡದೋ? ಕೈ ಎತ್ತಿಸಿ, ಎರಡು ಪಕ್ಷ ಮಾಡಿ, ಕಾರಣ ಹೇಳಲಿ. ಗುಂಟೆ ಅಂದರೆ 33 × 33, 1,089 ಚದರ ಅಡಿ. ಸೈಟು 1,200. ಗದ್ದೆ ಇರುವ ಮನೆಯ ಮಕ್ಕಳು ಸುಲಭಕ್ಕೆ ಒಪ್ಪುವುದಿಲ್ಲ. ಅಂಗಳದಲ್ಲಿ ಹಗ್ಗ ಹಿಡಿದು ಅಳೆಯಲು ಕಳಿಸಿ.

ಇನ್ನು ಕಳೆಯುವ ಲೆಕ್ಕ, ಗುಣಾಕಾರ ಇನ್ನೂ ತಡವರಿಸುವ ಮಕ್ಕಳು ನಿಮ್ಮಲ್ಲೂ ಇರುತ್ತಾರೆ. ಅವರಿಗೆ ಮತ್ತೆ ಅದೇ ಹತ್ತು ಲೆಕ್ಕ ಕೊಟ್ಟರೆ ಅವಮಾನ ಆಗುತ್ತದೆ. ಉತ್ತರ ಸರಿಯೋ ತಪ್ಪೋ ತಾನೇ ಹೇಳಿಬಿಡುವ ಲೆಕ್ಕ ಕೊಡಿ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಹಿಡಿದದ್ದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, 3524 ಅನ್ನೋಣ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. 5432 − 2345 = 3087. ಮತ್ತೆ 8730 − 0378 = 8352. ಮತ್ತೆ 8532 − 2358 = 6174. ಅಲ್ಲಿಗೆ ಬಂದ ಮೇಲೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಹೆಚ್ಚೆಂದರೆ ಏಳು ಹೆಜ್ಜೆ. ಉತ್ತರ 999 ಬಂದರೆ 0999 ಅಂತ ನಾಲ್ಕಂಕಿ ಇಟ್ಟುಕೊಳ್ಳಬೇಕು ಅನ್ನುವುದನ್ನು ಮೊದಲೇ ಹೇಳಿರಿ. 6174 ಬರಲಿಲ್ಲ ಅಂದರೆ ಎಲ್ಲೋ ದಶಕ ತೆಗೆದುಕೊಳ್ಳುವಾಗ ತಪ್ಪಿದ್ದಾರೆ ಅಂತ ಮಗುವೇ ಹಿಂದೆ ಹೋಗಿ ಹುಡುಕುತ್ತದೆ. ನೀವು ಕೆಂಪು ಗೀಟು ಹಾಕಬೇಕಾಗಿಲ್ಲ. ಮೂರಂಕಿಯಲ್ಲಿ ಇಂಥ ಸಂಖ್ಯೆ ಇದೆಯಾ ಅಂತ ಮನೆಗೆ ಪ್ರಶ್ನೆ ಕೊಡಿ. ಇದೆ, 495.

ಗುಣಾಕಾರಕ್ಕೂ ಇಂಥದ್ದು ಉಂಟು. ಸಾವಿರ ವರ್ಷಕ್ಕೂ ಹಿಂದೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 139 × 109 = 15151. 152207 × 73 ಮಾಡಿದರೆ ಎಂಟು ಒಂದುಗಳ ಸಾಲು. ತಪ್ಪಿದರೆ ಮಾಲೆ ತುಂಡಾಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ನೀವು ಬೆಂಚಿನ ನಡುವೆ ಓಡಾಡಿ ನೋಡಲು ಆಗುವುದಿಲ್ಲ. ಅಲ್ಲಿ ಇಂಥ ಲೆಕ್ಕಗಳ ಬೆಲೆ ಇನ್ನೂ ಜಾಸ್ತಿ.

ಸಂಭವನೀಯತೆಗೆ ಚೌಕಾಬಾರ ಬಿಟ್ಟು ಬೇರೆ ಬೇಕಿಲ್ಲ. ನಾಣ್ಯ ಚಿಮ್ಮಿದರೆ ಅರ್ಧ, ದಾಳ ಹಾಕಿದರೆ ಆರನೇ ಒಂದು, ಇವು ಮಕ್ಕಳಿಗೆ ಮೊದಲೇ ಗೊತ್ತು. ಕವಡೆ ಹಾಗಲ್ಲ. ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಅಂತ ಹೇಳಲು ಬರುವುದಿಲ್ಲ. ಹಾಕಿಯೇ ನೋಡಬೇಕು. ಮೊದಲು ನಾಲ್ಕು ನಾಣ್ಯದಿಂದ ಆಟ ಆಡಿದರೆ ಏನಾಗಬೇಕು ಅಂತ ಲೆಕ್ಕ ಹಾಕಲಿ: 16 ಸಾಧ್ಯತೆಗಳಲ್ಲಿ ಒಂದೂ ತಲೆ ಬೀಳದ್ದು 1, ಒಂದು ಬೀಳುವುದು 4, ಎರಡು 6, ಮೂರು 4, ನಾಲ್ಕೂ 1. ಆಮೇಲೆ ಪ್ರತಿ ಗುಂಪೂ ನಾಲ್ಕು ಕವಡೆಯನ್ನು 40 ಸಲ ಹಾಕಿ ತಾಳೆಗುರುತು ಬರೆಯಲಿ. 15 ಗುಂಪಿಗೆ 600 ಸಲ ಆಯಿತು. ಎರಡನ್ನೂ ಹೋಲಿಸಿ. ಎಲ್ಲ ಬೋರಲು ಬಿದ್ದರೆ ಎಂಟು ಮನೆ ಕೊಡುತ್ತಾರಲ್ಲ, ಅದು ನ್ಯಾಯವಾ ಅಂತ ಕೇಳಿ. ಕವಡೆ ಸಿಗದಿದ್ದರೆ ಒಂದು ಪಕ್ಕ ಉಜ್ಜಿದ ಹುಣಸೆಬೀಜ ಆಗುತ್ತದೆ. ಅದರ ಅಂಕಿ ಕವಡೆಗಿಂತ ಬೇರೆಯೇ ಬರಬಹುದು, ಬಂದರೆ ಇನ್ನೂ ಒಳ್ಳೆಯದು.

ಈಗ ಆನ್‌ಲೈನ್ ವಿಷಯ. ಕ್ಯಾಮೆರಾ ಆಫ್ ಇರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಡೇಟಾ ಖರ್ಚು, ಅಪ್ಪನ ಫೋನು, ಹಿಂದೆ ಟಿವಿ ಸದ್ದು, ಮನೆ ತೋರಿಸಲು ಸಂಕೋಚ, ಹೀಗೆ ನೂರೆಂಟು ಕಾರಣ ಇರುತ್ತದೆ. ನಿಮಗೆ ಬೇಕಾದ್ದು ಅವರ ಮುಖ ಅಲ್ಲ, ಅವರ ಯೋಚನೆ. ಪ್ರಶ್ನೆ ಹಾಕಿ, ಉತ್ತರ ಚಾಟ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ, ನಾನು ಮೂರು ಅಂದಾಗ ಎಲ್ಲರೂ ಒಟ್ಟಿಗೆ ಕಳಿಸಿ ಅನ್ನಿ. ಮೊದಲು ಕಳಿಸುವ ಇಬ್ಬರನ್ನು ನೋಡಿ ಉಳಿದವರು ನಕಲು ಮಾಡುವುದು ನಿಲ್ಲುತ್ತದೆ.

ಆ ಉತ್ತರಗಳೇ ನಿಮ್ಮ ಮುಂದಿನ ಪಾಠ. −3 − 5 ಎಷ್ಟು ಅಂತ ಕೇಳಿದರೆ −8, 8, 2, −2 ನಾಲ್ಕೂ ಬರುತ್ತವೆ. ಸರಿ ಉತ್ತರ ಹೇಳುವ ಆತುರ ಬೇಡ. ಯಾರು ಬರೆದರು ಅಂತ ಹೆಸರೂ ಬೇಡ. 8 ಅಂತ ಬರೆದವರು ಏನು ಯೋಚಿಸಿರಬಹುದು ಅಂತ ಎಲ್ಲರನ್ನೂ ಕೇಳಿ. ಮೈನಸ್ ಮೈನಸ್ ಪ್ಲಸ್ ಅಂದುಕೊಂಡಿರುತ್ತಾರೆ ಮೇಡಂ ಅಂತ ಯಾರಾದರೂ ಹೇಳುತ್ತಾರೆ. ಆ ನಿಯಮ ಎಲ್ಲಿ ನಡೆಯುತ್ತದೆ, ಇಲ್ಲಿ ಯಾಕೆ ನಡೆಯುವುದಿಲ್ಲ ಅನ್ನುವ ಮಾತು ಅಲ್ಲಿಂದ ಶುರು. ತಪ್ಪು ಉತ್ತರವನ್ನು ಒಂದು ಒಗಟಿನ ಹಾಗೆ ಬಿಡಿಸುವುದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಇದನ್ನು ಬೋರ್ಡಿನ ಮುಂದೆಯೂ ಮಾಡಬಹುದು. ಆದರೆ ಹೆಸರು ಮುಚ್ಚಿಡುವುದು ಆನ್‌ಲೈನ್‌ನಲ್ಲಿ ಸುಲಭ. ಉತ್ತರ ನಿಮಗೆ ಮಾತ್ರ ಬರುವಂತೆ ಮಾಡಿಕೊಂಡು ನೀವೇ ಓದಿ ಹೇಳಿದರೆ ಆಯಿತು.

ಆನ್‌ಲೈನ್ ಕ್ಲಾಸಿಗೆ ಶಾಲೆಯಲ್ಲಿ ಸಿಗದ ಒಂದು ಅನುಕೂಲವೂ ಇದೆ. 45 ಮಕ್ಕಳು 45 ಮನೆಯಲ್ಲಿದ್ದಾರೆ, ಒಂದೊಂದು ಮನೆಯಲ್ಲಿ ಒಂದೊಂದು ಅಳತೆಯ ತಟ್ಟೆ, ಬಳೆ, ಡಬ್ಬಿಯ ಮುಚ್ಚಳ. ದಾರ ಸುತ್ತಿ ಪರಿಧಿ ಅಳೆಯಲಿ, ಸ್ಕೇಲಿನಿಂದ ವ್ಯಾಸ ಅಳೆಯಲಿ, ಎರಡೂ ಅಂಕಿ ಕಳಿಸಲಿ. ನೀವು ಗೂಗಲ್ ಶೀಟ್‌ನಲ್ಲಿ ತುಂಬುತ್ತಾ ಭಾಗಿಸಿ ತೋರಿಸಿ. 3.1, 3.2, 3.0, 3.15 ಅಂತ ಸಾಲು ಬೆಳೆಯುತ್ತದೆ. ನಡುವೆ ಎಲ್ಲೋ ಒಂದು 6.3 ಬರುತ್ತದೆ. ಇದು ಯಾಕೆ ಹೀಗೆ ಅಂತ ಕೇಳಿ. ವ್ಯಾಸದ ಬದಲು ತ್ರಿಜ್ಯ ಕಳಿಸಿದ್ದಾರೆ ಅಂತ ಮಕ್ಕಳೇ ಪತ್ತೆ ಮಾಡುತ್ತಾರೆ. 22/7 ಅಂತ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದರೆ ಇದು ಯಾವುದೂ ನಡೆಯುತ್ತಿರಲಿಲ್ಲ. ಚೌಕಾಬಾರದ ಕವಡೆ ಲೆಕ್ಕವನ್ನೂ ಹೀಗೆ ಮನೆಯಿಂದ ಸೇರಿಸಬಹುದು. ರಂಗೋಲಿಗಾದರೆ ಮನೆ ಮುಂದಿನದ್ದರ ಫೋಟೊ ತೆಗೆದು, ತಾವು ಎಣಿಸಿದ ಗುಂಪುಗಳಿಗೆ ಫೋನಿನಲ್ಲೇ ಬಣ್ಣದ ಗೆರೆ ಎಳೆದು ವಾಟ್ಸಾಪಿಗೆ ಹಾಕಲಿ.

ಹೋಮ್‌ವರ್ಕ್ ಫೋಟೊ ರಾಶಿ ಬೀಳುವುದಕ್ಕಿಂತ ವಾರಕ್ಕೊಮ್ಮೆ 30 ಸೆಕೆಂಡಿನ ವಾಯ್ಸ್ ಮೆಸೇಜ್ ತರಿಸಿ. ಒಂದೇ ಲೆಕ್ಕ, ಅದನ್ನು ತಮ್ಮನಿಗೋ ತಂಗಿಗೋ ಹೇಳಿಕೊಡುವಂತೆ ಹೇಳಬೇಕು. ತರಗತಿಯಲ್ಲಿ ಬಾಯಿ ಬಿಡದ ಮಗು ಫೋನಿಗೆ ಹೇಳುತ್ತದೆ. 45 ಕೇಳಲು ಪುರುಸೊತ್ತಿಲ್ಲ ಅಂದರೆ ವಾರಕ್ಕೆ 15 ಮಕ್ಕಳ ಸರದಿ ಮಾಡಿಕೊಳ್ಳಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಪಿಟಿಗಿಂತ ನಿಮ್ಮ ಕೈಬರಹ ಒಳ್ಳೆಯದು. ಎರಡು ಸ್ಟೀಲ್ ಡಬ್ಬಿ ಒಂದರ ಮೇಲೊಂದು ಇಟ್ಟು, ಕ್ಯಾಮೆರಾ ಹೊರಗೆ ಚಾಚುವಂತೆ ಫೋನ್ ಮಲಗಿಸಿದರೆ ಕೆಳಗಿನ ಹಾಳೆಯೇ ಬೋರ್ಡು. ಗೂಗಲ್ ಜಾಮ್‌ಬೋರ್ಡ್ ಬಳಸಿ ಅಂತ ಹಳೆಯ ತರಬೇತಿಯ ಕಾಗದದಲ್ಲಿ ಇದ್ದರೆ ಹುಡುಕಬೇಡಿ, 2024ರ ಕೊನೆಗೆ ಅದು ಮುಚ್ಚಿತು. ನಕ್ಷೆ, ಆಕೃತಿ ಎಳೆದು ತೋರಿಸುವ ಜಿಯೋಜೀಬ್ರಾ ಆ್ಯಪ್ ಮಾತ್ರ ಕಲಿತುಕೊಳ್ಳಿ. ಉಚಿತ, ಫೋನಿನಲ್ಲೂ ನಡೆಯುತ್ತದೆ. y = mx + c ಹಾಕಿ m, c ಎರಡಕ್ಕೂ ಸ್ಲೈಡರ್ ಇಟ್ಟುಕೊಂಡು, ಪರದೆಯ ಮೇಲೆ ಎರಡು ಚುಕ್ಕಿ ಇಡಿ. ಗೆರೆ ಎರಡನ್ನೂ ಮುಟ್ಟಿ ಹೋಗಬೇಕು, m ಎಷ್ಟಿರಲಿ, c ಎಷ್ಟಿರಲಿ ಅಂತ ಮಕ್ಕಳು ಚಾಟ್‌ನಲ್ಲಿ ಹೇಳಲಿ, ನೀವು ಸುಮ್ನೆ ಅವರು ಹೇಳಿದಂತೆ ಎಳೆಯಿರಿ. ತಪ್ಪು ಹೇಳಿದರೂ ಎಳೆಯಿರಿ.

ಟೈಮರ್ ಓಡುವ, ಯಾರು ಮೊದಲು ಅಂತ ಪಟ್ಟಿ ತೋರಿಸುವ ಕ್ವಿಜ್ ಆ್ಯಪ್‌ಗಳು ನನಗೆ ಅಷ್ಟಾಗಿ ಸೇರುವುದಿಲ್ಲ. ಮೊದಲ ದಿನ ಗಲಾಟೆ ಚೆನ್ನಾಗಿರುತ್ತದೆ. ನಾಲ್ಕನೇ ಸಲಕ್ಕೆ ಅದೇ ಐದು ಮಕ್ಕಳು ಮೇಲೆ, ಉಳಿದವರು ಕೈಗೆ ಸಿಕ್ಕ ಬಟನ್ ಒತ್ತುತ್ತಾ ಕೂರುತ್ತಾರೆ. ಪರೀಕ್ಷೆಗೆ ಮುಂಚೆ ಒಮ್ಮೆ ಮೋಜಿಗೆ ಮಾಡಿ, ಸಾಕು.

ಪೋರ್ಷನ್ ಲೆಕ್ಕ ಹೀಗೆ ಹಾಕಿಕೊಳ್ಳಿ: ವಾರಕ್ಕೆ ಒಂದು ಪೀರಿಯಡ್ ಮಾತ್ರ ಇಂಥ ಲೆಕ್ಕಕ್ಕೆ. ಉಳಿದ ದಿನ ಮೊದಲ ಐದು ನಿಮಿಷ ಒಂದು ತಿರುಗಿಸಿದ ಪ್ರಶ್ನೆ. ಮಾಡಿದ್ದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿಯೇ ದಾಖಲಿಸಿ, ಆಗ ಹೆಡ್‌ಮಾಸ್ಟರ್‌ಗೆ ಬೇರೆ ವಿವರಣೆ ಕೊಡಬೇಕಾಗಿಲ್ಲ, ನಿಮಗೂ ಎರಡು ಸಲ ಕೆಲಸ ಆಗುವುದಿಲ್ಲ. ಅಂಕ ಹಾಕುವಾಗ ಬಣ್ಣದ ಹಾಳೆ, ಸ್ಕೆಚ್ ಪೆನ್ನಿನ ಬಾರ್ಡರ್ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿಬಿಡಿ. ‘ಯಾಕೆಂದರೆ’ ಅಂತ ಕಾರಣ ಕೊಡುವ ಒಂದು ವಾಕ್ಯ ಹಾಳೆಯಲ್ಲಿ ಇರಬೇಕು. ಮೊದಲ ವಾರಕ್ಕೆ ಆಯತದ ಲೆಕ್ಕ ಇಟ್ಟುಕೊಳ್ಳಿ, ಅದಕ್ಕೆ ತಯಾರಿ ಏನೂ ಬೇಡ. ರಂಗೋಲಿಯನ್ನು ಮೂರನೇ ವಾರಕ್ಕೆ ಇಡಿ, ಅಷ್ಟರಲ್ಲಿ ಮಕ್ಕಳಿಗೆ ಗುಂಪಿನಲ್ಲಿ ನಿಂತು ಮಾತಾಡುವುದು ಅಭ್ಯಾಸ ಆಗಿರುತ್ತದೆ.